ಕರ್ಮವೀರ ಭಾವುರಾವ್ ಪಾಟೀಲ: ಬಡ ಮಕ್ಕಳ ಓದಿಗೆ ದಾರಿ ಮಾಡಿಕೊಟ್ಟ ಶ್ರಾವಕ

ನೂರಿಪ್ಪತ್ತು ವರ್ಷಗಳ ಹಿಂದೆ ಕೊಲ್ಹಾಪುರ, ಸಾತಾರಾ, ಬೆಳಗಾವಿ ಸೀಮೆಯ ಹಳ್ಳಿ ಹುಡುಗನೊಬ್ಬ ಊರಿನ ಶಾಲೆಯಲ್ಲಿ ನಾಲ್ಕಕ್ಷರ ಕಲಿತು ಮುಂದೆ ಓದಬೇಕೆಂದರೆ ಪಟ್ಟಣಕ್ಕೇ ಹೋಗಬೇಕಿತ್ತು. ಹೈಸ್ಕೂಲಿನ ಫೀ ಒಂದು ಚಿಂತೆಯಾದರೆ, ಅದಕ್ಕಿಂತ ದೊಡ್ಡ ಚಿಂತೆ ಇರಲು ಜಾಗ ಮತ್ತು ಎರಡು ಹೊತ್ತಿನ ಊಟ. ಪಟ್ಟಣದಲ್ಲಿ ನೆಂಟರಿದ್ದವರ ಮಕ್ಕಳು ಓದಿದರು. ಇಲ್ಲದವರ ಮಕ್ಕಳು ಜಾಣರಾಗಿದ್ದರೂ ನೇಗಿಲ ಹಿಂದೆ ನಡೆದರು. ಕೆಳಜಾತಿಯ ಮಕ್ಕಳಿಗಂತೂ ಬಾಡಿಗೆಗೆ ಕೋಣೆಯೂ ಸಿಗುತ್ತಿರಲಿಲ್ಲ.

ಈ ಕಷ್ಟಕ್ಕೆ ತಮ್ಮ ಇಡೀ ಬಾಳನ್ನೇ ಉತ್ತರವಾಗಿ ಕೊಟ್ಟವರು ಕರ್ಮವೀರ ಭಾವುರಾವ್ ಪಾಟೀಲರು. ಮಹಾರಾಷ್ಟ್ರದಲ್ಲಿ ಅವರ ಹೆಸರು ಮನೆಮಾತು. ಅವರು ಜೈನ ಮನೆತನದವರು, ಅವರ ಹಿರಿಯರು ನಮ್ಮ ಮೂಡಬಿದಿರೆ ಕಡೆಯವರು ಎಂಬುದು ಕರ್ನಾಟಕದ ಅನೇಕ ಜೈನ ಕುಟುಂಬಗಳಿಗೆ ಇನ್ನೂ ತಿಳಿಯದು. ಮನೆಯಲ್ಲಿ ಹತ್ತನೇ ತರಗತಿ, ಪಿಯುಸಿ ಓದುವ ಮಕ್ಕಳಿರುವವರೂ, ಸಮಾಜದ ಮಕ್ಕಳ ಓದಿಗೆ ನೆರವಾಗಬೇಕೆಂದು ಬಯಸುವವರೂ ತಿಳಿದಿರಬೇಕಾದ ಜೀವನ ಇದು.

ಜನನ ಮತ್ತು ಬಾಲ್ಯ

ಭಾವುರಾವ್ ಹುಟ್ಟಿದ್ದು 1887ರ ಸೆಪ್ಟೆಂಬರ್ 22ರಂದು, ಕೊಲ್ಹಾಪುರ ಸಂಸ್ಥಾನದ ಕುಂಭೋಜದಲ್ಲಿ. ಬಾಹುಬಲಿ ಕ್ಷೇತ್ರದ ಯಾತ್ರೆಗೆ ಹೋದವರಿಗೆ ಈ ಊರಿನ ಹೆಸರು ಚೆನ್ನಾಗಿ ಗೊತ್ತು. ಅದು ತಾಯಿ ಗಂಗಾಬಾಯಿಯವರ ತವರು. ತಂದೆ ಪಾಯಗೌಂಡ ಪಾಟೀಲರು ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ಅವರ ಊರು ವಾಳವಾ ತಾಲೂಕಿನ ಐತವಡೆ ಬುದ್ರುಕ್. ಮೂಡಬಿದಿರೆಯಿಂದ ವಲಸೆ ಹೋದ ಮನೆತನ ಹಲವು ತಲೆಮಾರುಗಳಲ್ಲಿ ಮರಾಠಿ ಸೀಮೆಯಲ್ಲಿ ನೆಲೆನಿಂತು ಪಾಟೀಲಕಿ ಪಡೆದಿತ್ತು.

ಹುಡುಗ ಗಟ್ಟಿಮುಟ್ಟಾಗಿದ್ದ. ಕುಸ್ತಿಯಲ್ಲಿ ಆಸಕ್ತಿ ಹೆಚ್ಚು, ಪುಸ್ತಕದಲ್ಲಿ ಕಡಿಮೆ. ಅನ್ಯಾಯ ಕಂಡರೆ ಸುಮ್ಮನಿರುವ ಸ್ವಭಾವ ಮಾತ್ರ ಚಿಕ್ಕಂದಿನಿಂದಲೂ ಇರಲಿಲ್ಲ. ಬಾವಿಯ ಬಳಿ ನೀರಿಗಾಗಿ ಕಾದು ನಿಂತ ಅಸ್ಪೃಶ್ಯರಿಗೆ ಯಾರೂ ನೀರು ಕೊಡದಿದ್ದುದನ್ನು ಕಂಡು, ಬಾವಿಯ ರಾಟೆಯನ್ನೇ ಮುರಿದು ಹಾಕಿದನೆಂಬ ಕಥೆಯನ್ನು ಅವರ ಜೀವನಚರಿತ್ರೆಗಳೆಲ್ಲ ಹೇಳುತ್ತವೆ. ಎಲ್ಲ ಜೀವಿಗಳ ಮೇಲೂ ದಯೆ ಇರಬೇಕೆಂದು ದಿನವೂ ಕೇಳುವ ಮನೆಯ ಹುಡುಗ ಆ ಮಾತನ್ನು ಹಾಗೆಯೇ ನಂಬಿದ್ದ.

ಕೊಲ್ಹಾಪುರದ ಜೈನ ಬೋರ್ಡಿಂಗ್

1902ರ ಸುಮಾರಿಗೆ ತಂದೆ ಮಗನನ್ನು ಕೊಲ್ಹಾಪುರದ ರಾಜಾರಾಮ ಹೈಸ್ಕೂಲಿಗೆ ಸೇರಿಸಿದರು. ಆಗ ಕೊಲ್ಹಾಪುರದಲ್ಲಿ ಹೊಸ ಗಾಳಿ ಬೀಸುತ್ತಿತ್ತು. ಬೇರೆ ಬೇರೆ ಸಮಾಜಗಳ ಹಳ್ಳಿ ಮಕ್ಕಳು ಪಟ್ಟಣದಲ್ಲಿ ಉಳಿದು ಓದಲೆಂದು ಛತ್ರಪತಿ ಶಾಹು ಮಹಾರಾಜರು ಒಂದೊಂದಾಗಿ ವಿದ್ಯಾರ್ಥಿ ನಿಲಯಗಳಿಗೆ ಜಾಗ, ಹಣ, ಆಸರೆ ಕೊಡುತ್ತಿದ್ದರು. ಜೈನರೂ ಹಿಂದೆ ಬಿದ್ದಿರಲಿಲ್ಲ. 1899ರಲ್ಲಿ ನಿಪ್ಪಾಣಿ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿತು. ಮುಂದೆ ದಕ್ಷಿಣ ಭಾರತ ಜೈನ ಸಭೆ ಎಂದು ಹೆಸರಾದದ್ದು ಇದೇ ಸಂಸ್ಥೆ. ಸಮಾಜದ ಮಕ್ಕಳಿಗೆ ಬೋರ್ಡಿಂಗ್ ನಡೆಸುವುದು ಸಭೆಯ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಭಾವುರಾವ್ ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿ ಉಳಿದರು. ಅದರ ಮೇಲ್ವಿಚಾರಕರು ಅಣ್ಣಾಸಾಹೇಬ ಲಠ್ಠೆ. ಲಠ್ಠೆಯವರು ಮುಂದೆ ಬೆಳಗಾವಿಯಲ್ಲಿ ವಕೀಲರಾಗಿ ಹೆಸರು ಮಾಡಿ, 1937ರಲ್ಲಿ ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಯಾದವರು.

ಬೋರ್ಡಿಂಗಿನ ಶಿಸ್ತಿಗೂ ಭಾವುರಾವ್ ಸ್ವಭಾವಕ್ಕೂ ಮೊದಲಿನಿಂದಲೇ ಹೊಂದಲಿಲ್ಲ. 1908ರಲ್ಲಿ ಕೊಲ್ಹಾಪುರದಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ವಸತಿ ನಿಲಯದ ಸಮಾರಂಭ ನಡೆಯಿತು. ಭಾವುರಾವ್ ಅಲ್ಲಿಗೆ ಹೋಗಿ ಬಂದರು. ಹಾಗೆ ಬಂದವನು ಸ್ನಾನ ಮಾಡಿಯೇ ಊಟಕ್ಕೆ ಕೂರಬೇಕೆಂದು ಬೋರ್ಡಿಂಗಿನಲ್ಲಿ ಹೇಳಿದರು. ಮನುಷ್ಯರ ಜೊತೆ ಕುಳಿತು ಬಂದದ್ದಕ್ಕೆ ಮೈಲಿಗೆ ಏಕೆ ಎಂದು ಹುಡುಗ ಹಠ ಹಿಡಿದ, ಸ್ನಾನ ಮಾಡಲಿಲ್ಲ. ಬೋರ್ಡಿಂಗ್ ಬಿಡಬೇಕಾಯಿತು.

ಆಗ ಶಾಹು ಮಹಾರಾಜರು ಅವರನ್ನು ಅರಮನೆಯ ಆಶ್ರಯಕ್ಕೆ ತೆಗೆದುಕೊಂಡರು. ಮಹಾರಾಜರು ಅಧಿಕಾರದ ಅಂತರವಿಲ್ಲದೆ ಎಲ್ಲ ಜನರೊಡನೆ ಬೆರೆಯುವುದನ್ನು ಭಾವುರಾವ್ ದಿನವೂ ಹತ್ತಿರದಿಂದ ನೋಡಿದರು. ಓದು ಮಾತ್ರ ಮುಂದೆ ಸಾಗಲಿಲ್ಲ. ಗಣಿತದಲ್ಲಿ ನಪಾಸಾದ ಅವರನ್ನು ಮುಂದಿನ ತರಗತಿಗೆ ಹಾಕಿರೆಂದು ಮಹಾರಾಜರು ಹೇಳಿ ಕಳುಹಿಸಿದಾಗ, ಭಾವುರಾವ್ ಕೂರುವ ಬೆಂಚನ್ನು ಬೇಕಾದರೆ ಮುಂದಿನ ತರಗತಿಗೆ ಕಳುಹಿಸಬಹುದು, ಅವರನ್ನು ಮಾತ್ರ ಆಗದು ಎಂದು ಮುಖ್ಯೋಪಾಧ್ಯಾಯರು ತಿಳಿಸಿದರಂತೆ. ಹೀಗೆ, ಮುಂದೆ ಸಾವಿರಾರು ಮಕ್ಕಳನ್ನು ಕಾಲೇಜಿನ ಬಾಗಿಲಿಗೆ ತಲುಪಿಸಿದವರು ಸ್ವತಃ ಮ್ಯಾಟ್ರಿಕ್ ದಾಟಲಿಲ್ಲ. ತಾನು ಕಳೆದುಕೊಂಡದ್ದು ಏನೆಂದು ಗೊತ್ತಿದ್ದ ಕಾರಣಕ್ಕೇ ಅವರು ಓದಿನ ಬೆಲೆ ಅಷ್ಟು ಚೆನ್ನಾಗಿ ಬಲ್ಲವರಾದರು.

ಸತ್ಯವ್ರತದ ಪರೀಕ್ಷೆ

ಓದು ನಿಂತ ಮೇಲೆ ಭಾವುರಾವ್ ಸಾತಾರಾಕ್ಕೆ ಬಂದು ಮಕ್ಕಳಿಗೆ ಮನೆಪಾಠ ಹೇಳತೊಡಗಿದರು. ತಾವೂ ಓದಿಕೊಳ್ಳುತ್ತ ಮಕ್ಕಳಿಗೂ ಕಲಿಸುತ್ತ ಊರಿನಲ್ಲಿ ಪಾಟೀಲ ಮಾಸ್ತರ ಎಂದು ಹೆಸರಾದರು. 1910ರ ಹೊತ್ತಿಗೆ ಕೆಲವು ಗೆಳೆಯರೊಡನೆ ಸಾಂಗಲಿ ಹತ್ತಿರದ ದೂಧಗಾಂವದಲ್ಲಿ ಒಂದು ವಿದ್ಯಾರ್ಥಿ ಆಶ್ರಮ ತೆರೆದರು. ಎಲ್ಲ ಜಾತಿಯ ಮಕ್ಕಳಿಗೂ ಅಲ್ಲಿ ಪ್ರವೇಶ ಇತ್ತು. ಅವರ ಮುಂದಿನ ಕೆಲಸಕ್ಕೆ ಬೀಜ ಬಿದ್ದದ್ದು ಅಲ್ಲಿ. ಇದೇ ಕಾಲದಲ್ಲಿ ಓದುವ ಹಂಬಲವಿದ್ದ ಜ್ಞಾನದೇವ ಘೋಲಪ ಎಂಬ ಅಸ್ಪೃಶ್ಯ ಹುಡುಗನನ್ನು ಕರೆತಂದು ಕೊಲ್ಹಾಪುರದ ವಸತಿ ನಿಲಯಕ್ಕೆ ಸೇರಿಸಿದರು. ಆ ಹುಡುಗ ಮುಂದೆ ಮುಂಬಯಿ ಶಾಸನ ಸಭೆಯ ಸದಸ್ಯನಾದ.

1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ದೊರೆಯ ಪುತ್ಥಳಿಗೆ ಯಾರೋ ಡಾಂಬರು ಬಳಿದರು. ಅನುಮಾನ ಲಠ್ಠೆಯವರ ಮೇಲೆ ತಿರುಗಿತು. ಅವರ ವಿರುದ್ಧ ಸಾಕ್ಷಿ ಹೇಳಬೇಕೆಂದು ಭಾವುರಾವ್ ಮೇಲೆ ಒತ್ತಡ ಬಿತ್ತು. ಬೋರ್ಡಿಂಗಿನಿಂದ ಹೊರಬಿದ್ದ ಹಳೆಯ ಸಿಟ್ಟು ಅವರಿಗೆ ಇದ್ದೇ ಇರುತ್ತದೆ, ಸುಲಭವಾಗಿ ಒಪ್ಪುತ್ತಾರೆ ಎಂದು ಅಧಿಕಾರಿಗಳು ತಿಳಿದಿರಬೇಕು. ಭಾವುರಾವ್ ಒಪ್ಪಲಿಲ್ಲ. ಅವರನ್ನು ಸೆರೆಯಲ್ಲಿಟ್ಟರು, ಹಿಂಸಿಸಿದರು. ನೋವು ತಾಳದೆ ಪ್ರಾಣ ಬಿಡುವ ಯೋಚನೆಯವರೆಗೂ ಹೋದರು, ಆದರೆ ಸುಳ್ಳು ಸಾಕ್ಷಿ ನುಡಿಯಲಿಲ್ಲ. ತಮ್ಮನ್ನು ಹೊರಗೆ ಹಾಕಿದ ಬೋರ್ಡಿಂಗಿನ ಹಿರಿಯರಿಗಾಗಿ ಅವರು ಅನುಭವಿಸಿದ ಕಷ್ಟ ಇದು. ಅಣುವ್ರತಗಳಲ್ಲಿ ಸತ್ಯ ಎರಡನೆಯದು. ಆ ವ್ರತವನ್ನು ಅವರು ಪಾಲಿಸಿದ ಬಗೆ ಇದಾಗಿತ್ತು.

ನೇಗಿಲು ಮಾರುತ್ತ ಕಂಡ ಹಳ್ಳಿ

ಹೊಟ್ಟೆಪಾಡಿಗಾಗಿ ಭಾವುರಾವ್ ಕೆಲ ವರ್ಷ ವ್ಯಾಪಾರದ ಕೆಲಸ ಮಾಡಿದರು. ಓಗಲೆ ಗಾಜಿನ ಕಾರ್ಖಾನೆಯ ಸರಕು ಮಾರಿದರು. ಬಳಿಕ ಕಿರ್ಲೋಸ್ಕರ್ ಕಾರ್ಖಾನೆಯ ಕಬ್ಬಿಣದ ನೇಗಿಲು ಮಾರುವ ಪ್ರತಿನಿಧಿಯಾಗಿ ಹಳ್ಳಿ ಹಳ್ಳಿ ಸುತ್ತಿದರು. ಮರದ ನೇಗಿಲನ್ನು ನಂಬಿದ್ದ ರೈತರನ್ನು ಕಬ್ಬಿಣದ ನೇಗಿಲಿಗೆ ಒಪ್ಪಿಸುವುದು ಸುಲಭದ ಮಾತಾಗಿರಲಿಲ್ಲ. ಹೊಲದಲ್ಲಿ ನಿಂತು ಉತ್ತು ತೋರಿಸಬೇಕಿತ್ತು, ರೈತನ ಮನೆಯಲ್ಲಿ ಉಂಡು ಮಲಗಬೇಕಿತ್ತು.

ಈ ತಿರುಗಾಟದಲ್ಲಿ ಅವರಿಗೆ ಹಳ್ಳಿಯ ಒಳಮನೆ ಕಂಡಿತು. ರೈತ ಬೆಳೆದರೂ ಲೆಕ್ಕ ಬಾರದೆ ಸಾಲದಲ್ಲಿ ಮುಳುಗಿರುವುದು, ಓದು ಬಾರದೆ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು, ಜಾಣ ಮಗ ದನ ಕಾಯುತ್ತಿರುವುದು. ಒಳ್ಳೆಯ ನೇಗಿಲು ಕೊಟ್ಟರೆ ಒಂದು ಹೊಲ ಸುಧಾರಿಸಬಹುದು, ಮಗನಿಗೆ ಓದು ಕೊಟ್ಟರೆ ಮನೆಯೇ ಸುಧಾರಿಸುತ್ತದೆ ಎಂಬ ಲೆಕ್ಕಕ್ಕೆ ಅವರು ಬಂದರು. ಮಹಾತ್ಮಾ ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ವಿಚಾರವೂ ಅವರನ್ನು ಸೆಳೆದಿತ್ತು. 1919ರ ಅಕ್ಟೋಬರ್ 4ರಂದು, ಕರಾಡ ಹತ್ತಿರದ ಕಾಲೆ ಗ್ರಾಮದಲ್ಲಿ, ಅವರು ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ರೈತ, ಕೂಲಿಕಾರ, ಬಡವ, ಎಲ್ಲರೂ ಸೇರಿ ರಯತ. ಸಂಸ್ಥೆಯ ಗುರುತಾಗಿ ಆಲದ ಮರವನ್ನು ಆರಿಸಿಕೊಂಡರು.

ಸಾತಾರಾದ ಬೋರ್ಡಿಂಗ್

1924ರಲ್ಲಿ ಸಂಸ್ಥೆ ಸಾತಾರಾಕ್ಕೆ ಬಂತು. ಅದೇ ವರ್ಷ ಅಲ್ಲಿ ಬೋರ್ಡಿಂಗ್ ಆರಂಭವಾಯಿತು. ಮರಾಠ, ಮಹಾರ, ಮಾಂಗ, ಜೈನ, ಲಿಂಗಾಯತ, ಮುಸಲ್ಮಾನ ಎಂಬ ಎಣಿಕೆ ಇಲ್ಲದೆ ಬಂದ ಮಕ್ಕಳು ಒಂದೇ ಸೂರಿನಡಿ ಮಲಗಿ, ಒಂದೇ ಒಲೆಯ ಅಡಿಗೆಯನ್ನು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಇಂದು ಇದು ಸಾಮಾನ್ಯ ಸಂಗತಿ ಅನ್ನಿಸಬಹುದು. ಆ ಕಾಲಕ್ಕೆ ಇದಕ್ಕಾಗಿ ನೆಂಟರು ದೂರವಾಗುತ್ತಿದ್ದರು, ದಾನಿಗಳು ಹಿಂದೆ ಸರಿಯುತ್ತಿದ್ದರು. 1927ರ ಫೆಬ್ರವರಿ 25ರಂದು ಮಹಾತ್ಮಾ ಗಾಂಧಿಯವರು ಬಂದು ಈ ನಿಲಯಕ್ಕೆ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂದು ಹೆಸರಿಟ್ಟರು. ಎಲ್ಲ ಜಾತಿಯ ಮಕ್ಕಳು ಕೂಡಿ ಬಾಳುವುದನ್ನು ಕಂಡು ಅವರು ಬಹಳ ಸಂತೋಷಪಟ್ಟರು.

ಬೋರ್ಡಿಂಗ್ ನಡೆದದ್ದು ಹೇಗೆ? ಮೂರು ದಾರಿಗಳಿದ್ದವು. ಒಂದು, ಊರಿನವರ ಧಾನ್ಯ. ಸುಗ್ಗಿಯಲ್ಲಿ ರೈತರು ಕೊಟ್ಟ ಜೋಳ, ಬೇಳೆ, ಮನೆಮನೆಯಿಂದ ಬಂದ ಮುಷ್ಟಿ ಧಾನ್ಯ ಅಡಿಗೆಮನೆಯ ಆಧಾರ. ಎರಡು, ದಾನಿಗಳ ಹಣ. ಮೂರನೆಯದು ಮತ್ತು ಮುಖ್ಯವಾದದ್ದು, ಮಕ್ಕಳ ದುಡಿಮೆ. ನೀರು ಹೊತ್ತು, ಸರದಿಯಂತೆ ಅಡಿಗೆ ಮಾಡಿ, ಹೊಲದಲ್ಲಿ ಕೆಲಸ ಮಾಡಿ, ಕಲ್ಲು ಒಡೆದು, ತಮ್ಮ ಕಟ್ಟಡಕ್ಕೆ ತಾವೇ ಮಣ್ಣು ಹೊತ್ತು ಅವರು ಓದಿದರು.

ಈ ಮೂರನೆಯ ದಾರಿಯೇ ಭಾವುರಾವ್ ಅವರ ವಿಶೇಷ. ಬಡ ವಿದ್ಯಾರ್ಥಿಗೆ ಸಹಾಯ ಮಾಡುವಾಗ ಅವನ ತಲೆ ತಗ್ಗಬಾರದು ಎಂಬುದು ಅವರ ಕಾಳಜಿ. ಆಗ ಪಟ್ಟಣಗಳಲ್ಲಿ ಬಡ ಹುಡುಗರು ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದುವುದಿತ್ತು. ಉಂಡ ಮನೆಯ ಹಂಗು ಬಾಳೆಲ್ಲ ಉಳಿಯುತ್ತಿತ್ತು. ತನ್ನ ಅನ್ನವನ್ನು ತಾನೇ ದುಡಿದು ಉಂಡ ಹುಡುಗ ಯಾರ ಮುಂದೆಯೂ ಕುಗ್ಗಬೇಕಿಲ್ಲ, ಕೈಕೆಸರಿನ ಕೆಲಸವನ್ನು ಕೀಳೆಂದೂ ತಿಳಿಯುವುದಿಲ್ಲ. ಸ್ವಾವಲಂಬನೆ, ಸ್ವಾಭಿಮಾನ, ಸ್ವಾಧ್ಯಾಯ, ಸ್ವಾತಂತ್ರ್ಯ ಎಂಬ ನಾಲ್ಕನ್ನು ಸಂಸ್ಥೆಯ ತತ್ವಗಳಾಗಿ ಅವರು ಇಟ್ಟರು. ಇವುಗಳಲ್ಲಿ ಸ್ವಾಧ್ಯಾಯ ಎಂಬ ಮಾತು ಜೈನ ಶ್ರಾವಕನ ದಿನನಿತ್ಯದ ಆರು ಕರ್ತವ್ಯಗಳಲ್ಲಿ ಒಂದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಲಕ್ಷ್ಮೀಬಾಯಿಯವರ ತ್ಯಾಗ

ಭಾವುರಾವ್ ಅವರ ಜೀವನವನ್ನು ಹೇಳುವಾಗ ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರನ್ನು ಬಿಟ್ಟರೆ ಕಥೆ ಅರ್ಧವೂ ಆಗದು. ಅವರು ಕುಂಭೋಜದ ಅನುಕೂಲಸ್ಥ ಜೈನ ಮನೆತನದ ಮಗಳು. ಮೈತುಂಬ ಬಂಗಾರ ಹಾಕಿಕೊಂಡು ಗಂಡನ ಮನೆಗೆ ಬಂದವರು. ಮಡಿ, ಆಚಾರ ಬಿಡದೆ ಪಾಲಿಸುವ ಮನೆಯಿಂದ ಬಂದ ಅವರಿಗೆ ಎಲ್ಲ ಜಾತಿಯ ಮಕ್ಕಳು ಮನೆಯೊಳಗೆ ಓಡಾಡುವುದನ್ನು ಒಪ್ಪಿಕೊಳ್ಳುವುದು ಮೊದಮೊದಲು ಕಷ್ಟವೇ ಆಗಿತ್ತು. ಆದರೆ ತಾಯಿಯನ್ನು ಬಿಟ್ಟು ಬಂದ ಪುಟ್ಟ ಮಕ್ಕಳ ಹಸಿವು, ಜ್ವರ, ಅಳು ಕಣ್ಣೆದುರೇ ಇದ್ದವು. ದಿನಗಳೆದಂತೆ ಅವರೇ ಆ ಮಕ್ಕಳಿಗೆ ತಾಯಿಯಾದರು.

ಬೋರ್ಡಿಂಗಿಗೆ ಹಣ ಸಾಲದಾದಾಗಲೆಲ್ಲ ಒಂದೊಂದು ಒಡವೆ ಮಾರುಕಟ್ಟೆಗೆ ಹೋಯಿತು. ಭಾವುರಾವ್ ಊರಿನಲ್ಲಿ ಇಲ್ಲದ ಒಂದು ದಿನ ಅಡಿಗೆಮನೆಯಲ್ಲಿ ಧಾನ್ಯ ಪೂರ್ತಿ ಮುಗಿದಿತ್ತು. ಮಕ್ಕಳು ಶಾಲೆಯಿಂದ ಹಸಿದು ಬರುವ ಹೊತ್ತು. ಕೊರಳಲ್ಲಿ ಉಳಿದಿದ್ದದ್ದು ಮಂಗಳಸೂತ್ರ ಒಂದೇ. ಲಕ್ಷ್ಮೀಬಾಯಿ ಅದನ್ನೂ ತೆಗೆದುಕೊಟ್ಟು ಕಾಳು ತರಿಸಿ ಅಡಿಗೆ ಮಾಡಿಸಿದರು. ಹೆಣ್ಣುಮಗಳೊಬ್ಬಳು ಮುತ್ತೈದೆತನದ ಗುರುತನ್ನು ಪರರ ಮಕ್ಕಳ ಒಂದು ಹೊತ್ತಿನ ಊಟಕ್ಕೆ ಕೊಡುವುದೆಂದರೆ ಆ ಕಾಲದಲ್ಲಿ ಎಂಥ ಮಾತೆಂದು ನಮ್ಮ ಮನೆಗಳ ತಾಯಂದಿರು ಊಹಿಸಬಲ್ಲರು.

1930ರಲ್ಲಿ ಲಕ್ಷ್ಮೀಬಾಯಿ ತೀರಿಕೊಂಡರು. ಬೋರ್ಡಿಂಗಿನ ಮಕ್ಕಳು ಎರಡನೆಯ ಸಲ ತಾಯಿಯನ್ನು ಕಳೆದುಕೊಂಡಂತೆ ಅತ್ತರು. ಭಾವುರಾವ್ ಮತ್ತೆ ಮದುವೆಯಾಗಲಿಲ್ಲ. ಉಳಿದ ಆಯುಷ್ಯವೆಲ್ಲ ಸಂಸ್ಥೆಗೇ ಮೀಸಲಾಯಿತು. ನಮ್ಮ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅದು ಶಾಸ್ತ್ರದಾನ. ಲಕ್ಷ್ಮೀಬಾಯಿಯವರು ಮಾಡಿದ್ದು ಆಹಾರದಾನವೂ ಹೌದು, ಶಾಸ್ತ್ರದಾನವೂ ಹೌದು.

ಬೋರ್ಡಿಂಗಿನಿಂದ ಕಾಲೇಜಿನವರೆಗೆ

1932ರಲ್ಲಿ ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್ ಹೌಸ್ ತೆರೆಯಿತು. ಸವರ್ಣ ಮತ್ತು ದಲಿತ ಮಕ್ಕಳು ಕೂಡಿ ಇರಲೆಂದೇ ಆ ಹೆಸರು. 1935ರಲ್ಲಿ ಸಂಸ್ಥೆ ಕಾನೂನಿನಂತೆ ನೋಂದಣಿಯಾಯಿತು. ಅದೇ ವರ್ಷ ಸಾತಾರಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ಆರಂಭವಾಯಿತು. ಹಳ್ಳಿಗಳಿಗೆ ಶಾಲೆ ಬೇಕಾದರೆ ಮೊದಲು ಹಳ್ಳಿಯಲ್ಲಿ ಉಳಿಯುವ ಶಿಕ್ಷಕರು ಬೇಕೆಂದು ಭಾವುರಾವ್ ಅರಿತಿದ್ದರು. ಅಲ್ಲಿ ತರಬೇತಾದವರು ಶಾಲೆಯೇ ಇಲ್ಲದ ನೂರಾರು ಹಳ್ಳಿಗಳಿಗೆ ಹೋಗಿ ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಶುರು ಮಾಡಿದರು.

1940ರಲ್ಲಿ ಸಾತಾರಾದಲ್ಲಿ ಮಹಾರಾಜಾ ಸಯಾಜಿರಾವ್ ಹೈಸ್ಕೂಲ್ ತೆರೆದರು. ಫೀ ಇಲ್ಲ, ವಸತಿ ಇದೆ, ದುಡಿದು ಓದಬೇಕು. ಮಕ್ಕಳು ಬೆಳಗ್ಗೆ ಅಥವಾ ಸಂಜೆ ಹೊಲದಲ್ಲೋ ಕಟ್ಟಡದಲ್ಲೋ ಕೆಲಸ ಮಾಡಿ ಉಳಿದ ಹೊತ್ತು ಓದುತ್ತಿದ್ದರು. ಬೋರ್ಡಿಂಗಿನಲ್ಲಿ ನಡೆದ ಪ್ರಯೋಗ ಹೀಗೆ ಇಡೀ ಹೈಸ್ಕೂಲಿನ ಪದ್ಧತಿಯಾಯಿತು. ಗಳಿಸು ಮತ್ತು ಕಲಿ ಎಂದು ಇಂದು ದೇಶದ ಅನೇಕ ಕಾಲೇಜುಗಳಲ್ಲಿರುವ ಯೋಜನೆಗೆ ದಾರಿ ಹಾಕಿದವರಲ್ಲಿ ಅವರು ಮೊದಲಿಗರು.

ಹೈಸ್ಕೂಲ್ ಮುಗಿಸಿದ ಮಕ್ಕಳು ಮುಂದೇನು ಮಾಡಬೇಕು? ಪುಣೆ, ಕೊಲ್ಹಾಪುರದ ಕಾಲೇಜು ಎಲ್ಲರ ಕೈಗೆ ಎಟುಕುವಂತಿರಲಿಲ್ಲ. ದೇಶ ಸ್ವತಂತ್ರವಾದ 1947ರಲ್ಲೇ ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾಯಿತು. ಕಾಲೇಜಿಗೆ ತಮ್ಮವರ ಹೆಸರಿಟ್ಟರೆ ದೊಡ್ಡ ಮೊತ್ತ ಕೊಡುವುದಾಗಿ ಒಬ್ಬ ಸಿರಿವಂತರು ಮುಂದೆ ಬಂದರಂತೆ. ತಮ್ಮ ತಂದೆಯ ಹೆಸರನ್ನು ಬೇಕಾದರೆ ಬದಲಿಸಿಕೊಂಡೇನು, ಶಿವಾಜಿ ಮಹಾರಾಜರ ಹೆಸರನ್ನು ಮಾತ್ರ ತೆಗೆಯಲಾರೆ ಎಂದು ಭಾವುರಾವ್ ತಿಳಿಸಿ ಕಳುಹಿಸಿದರೆಂದು ಸಾತಾರಾದ ಜನ ಇಂದಿಗೂ ಹೇಳುತ್ತಾರೆ. ಹಣದ ಕೊರತೆ ಇದ್ದಾಗಲೇ ಆಡಿದ ಮಾತು ಅದು.

1954ರಲ್ಲಿ ಕರಾಡದಲ್ಲಿ ಸದ್ಗುರು ಗಾಡಗೇ ಮಹಾರಾಜರ ಹೆಸರಿನ ಕಾಲೇಜು ಆರಂಭವಾಯಿತು. ಕಸಬರಿಗೆ ಹಿಡಿದು ಊರೂರು ಗುಡಿಸುತ್ತ ಓದಿನ ಮಹತ್ವ ಸಾರಿದ ಆ ಸಂತರ ಮೇಲೆ ಭಾವುರಾವ್ ಅವರಿಗೆ ಬಹಳ ಗೌರವ.

ಅನುದಾನ ನಿಂತಾಗ

1948ರ ಜನವರಿಯಲ್ಲಿ ಗಾಂಧೀಜಿಯವರ ಹತ್ಯೆಯಾಯಿತು. ದುಃಖದಲ್ಲಿ ಭಾವುರಾವ್ ಸರ್ಕಾರವನ್ನು ಕಟುವಾಗಿ ಟೀಕಿಸಿದರು. ಅದರ ಫಲವಾಗಿ ಮುಂಬಯಿ ಸರ್ಕಾರ ಸಂಸ್ಥೆಯ ಅನುದಾನ ನಿಲ್ಲಿಸಿತು. ಅಷ್ಟು ಹೊತ್ತಿಗೆ ನೂರಾರು ಶಾಲೆಗಳು, ಸಾವಿರಾರು ಮಕ್ಕಳು, ಶಿಕ್ಷಕರ ಸಂಸಾರಗಳು ಸಂಸ್ಥೆಯನ್ನು ನಂಬಿದ್ದವು. ಮಾತು ಹಿಂತೆಗೆದುಕೊಂಡಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಮತ್ತೆ ಜನರ ಬಳಿಗೇ ಹೋದರು.

ಜನ ಕೈ ಬಿಡಲಿಲ್ಲ. ರೈತರು ಧಾನ್ಯ ಕೊಟ್ಟರು, ಕೂಲಿಕಾರರು ಚಿಲ್ಲರೆ ಕಾಸು ಕೊಟ್ಟರು, ಹಳೆಯ ವಿದ್ಯಾರ್ಥಿಗಳು ಸಂಬಳದಲ್ಲಿ ಪಾಲು ಕೊಟ್ಟರು, ಶಿಕ್ಷಕರು ಪಗಾರ ತಡವಾದರೂ ಪಾಠ ನಿಲ್ಲಿಸಲಿಲ್ಲ. ಗಾಡಗೇ ಮಹಾರಾಜರಂಥವರೂ ಅವರ ಪರ ಮಾತಾಡಿದರು. ಕೆಲಕಾಲದ ನಂತರ ಅನುದಾನ ಮರಳಿ ಬಂತು. ಗಾಂಧೀಜಿಯವರ ನೆನಪಿನಲ್ಲಿ 101 ಹೈಸ್ಕೂಲು ತೆರೆಯುವ ಸಂಕಲ್ಪವನ್ನೂ ಭಾವುರಾವ್ ತೊಟ್ಟಿದ್ದರು. ಹೈಸ್ಕೂಲುಗಳು ಒಂದರ ಹಿಂದೆ ಒಂದು ತೆರೆಯುತ್ತ ಹೋದವು.

ಕೊನೆಯ ದಿನಗಳು

ಭಾವುರಾವ್ ಖಾದಿ ಉಟ್ಟು, ಬರಿಗಾಲಿನಲ್ಲಿ ಓಡಾಡಿದವರು. ಬಿಳಿ ಗಡ್ಡದ ಆ ದೊಡ್ಡ ದೇಹ ಹಳ್ಳಿಗೆ ಬಂದರೆ ಮಕ್ಕಳು ಅಣ್ಣಾ ಬಂದರು ಎಂದು ಸುತ್ತ ಸೇರುತ್ತಿದ್ದರು. ಕರ್ಮವೀರ ಎಂಬ ಬಿರುದು ಯಾವ ಸರ್ಕಾರದಿಂದಲೂ ಬಂದದ್ದಲ್ಲ, ಜನರೇ ಕೊಟ್ಟದ್ದು. 1959ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ನೀಡಿತು. ಅದೇ ವರ್ಷ ಪುಣೆ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಕೊಟ್ಟಿತು. ಮ್ಯಾಟ್ರಿಕ್ ಪಾಸಾಗದವರಿಗೆ ವಿಶ್ವವಿದ್ಯಾಲಯ ತಾನಾಗಿ ಕೊಟ್ಟ ಪದವಿ ಅದು. 1959ರ ಮೇ 9ರಂದು ಅವರು ದೇಹ ಬಿಟ್ಟರು.

ಅವರ ಬೋರ್ಡಿಂಗಿನಲ್ಲಿ ಉಂಡು ಓದಿದ ಮಕ್ಕಳಲ್ಲಿ ಶಿಕ್ಷಕರು, ನ್ಯಾಯವಾದಿಗಳು, ಅಧಿಕಾರಿಗಳು, ಶಾಸಕರು ಆದವರು ಲೆಕ್ಕವಿಲ್ಲ. ಬ್ಯಾರಿಸ್ಟರ್ ಪಿ.ಜಿ. ಪಾಟೀಲರು ಹಾಗೆ ಬೆಳೆದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಯಾದರು. ಸಾತಾರಾದಲ್ಲಿ ಇಂದು ಕರ್ಮವೀರರ ಹೆಸರಿನ ವಿಶ್ವವಿದ್ಯಾಲಯವೇ ಇದೆ. ಒಂದು ಸಮಾಜದ ಬೋರ್ಡಿಂಗಿನಿಂದ ಹೊರಬಿದ್ದ ಹುಡುಗ ಎಲ್ಲ ಸಮಾಜಗಳ ಮಕ್ಕಳಿಗೂ ಬೋರ್ಡಿಂಗ್ ಕಟ್ಟಿದ. ಆದರೂ ಆ ಮೊದಲ ಬೋರ್ಡಿಂಗ್ ಇಲ್ಲದಿದ್ದರೆ ಹಳ್ಳಿಯ ಹುಡುಗನೊಬ್ಬ ಪಟ್ಟಣದಲ್ಲಿ ಉಳಿದು ಓದುವುದೆಂದರೆ ಏನೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಆ ಋಣವನ್ನು ಅವರು ಮರೆಯಲಿಲ್ಲ, ದೊಡ್ಡದಾಗಿ ತೀರಿಸಿದರು.

ಇಂದಿನ ಕುಟುಂಬಗಳಿಗೆ

ಕಾಲ ಬದಲಾಗಿದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತರೆಂದು ಘೋಷಿಸಿತು. ನಮ್ಮ ರಾಜ್ಯದಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನದ ಅರ್ಜಿಯನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹಾಕಬಹುದು. ವೃತ್ತಿಶಿಕ್ಷಣಕ್ಕೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆ ಇದೆ. ಅನೇಕ ಕಡೆ ಸಮಾಜದ ಹಾಸ್ಟೆಲುಗಳೂ ಇವೆ. ಭಾವುರಾವ್ ಕಾಲದ ಮಕ್ಕಳಿಗೆ ಸರ್ಕಾರದ ಈ ಯೋಜನೆಗಳು ಇರಲಿಲ್ಲ.

ಆದರೆ ನೆರವು ಇದೆ ಎಂದ ಮಾತ್ರಕ್ಕೆ ಮಗುವಿಗೆ ತಲುಪುವುದಿಲ್ಲ. ಆದಾಯ ಪ್ರಮಾಣಪತ್ರ ಹೊಸದು ಮಾಡಿಸಿಲ್ಲ, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿಲ್ಲ, ಅಂಕಪಟ್ಟಿಯಲ್ಲಿ ಒಂದು ಹೆಸರು ಆಧಾರಿನಲ್ಲಿ ಇನ್ನೊಂದು ಹೆಸರು, ಇಂಥ ಸಣ್ಣ ಕಾರಣಗಳಿಗೆ ಅರ್ಜಿ ನಿಲ್ಲುತ್ತದೆ. ಹಳ್ಳಿಯ ತಂದೆತಾಯಿಗೆ ಕೊನೆಯ ದಿನಾಂಕ ಗೊತ್ತಾಗುವ ಹೊತ್ತಿಗೆ ಅದು ದಾಟಿರುತ್ತದೆ. ಕೇಳಲು ನಾಚಿಕೆಪಟ್ಟು ಸುಮ್ಮನಿರುವ ಮನೆಗಳೂ ಇವೆ. ಪ್ರತಿ ಬಸದಿಯ ಊರಿನಲ್ಲಿ ಓದಿದ ಯುವಕರು, ನಿವೃತ್ತರು, ವ್ಯಾಪಾರಸ್ಥರು ಪಿಯುಸಿ ಫಲಿತಾಂಶದ ಹೊತ್ತಿಗೆ ನಾಲ್ಕು ಭಾನುವಾರ ಕುಳಿತು ಮಕ್ಕಳ ಕಾಗದಪತ್ರ ನೋಡಿ ಅರ್ಜಿ ಹಾಕಿಸಿದರೆ, ಅದಕ್ಕೆ ಖರ್ಚೂ ಹೆಚ್ಚಿಲ್ಲ.

ಕರ್ಮವೀರರು ನೇಗಿಲು ಮಾರಲು ಹೋದ ಮನೆಯಲ್ಲಿ ಮೊದಲು ಕೇಳುತ್ತಿದ್ದದ್ದು ಮಗ ಏನು ಓದುತ್ತಿದ್ದಾನೆ ಎಂಬುದನ್ನೇ ಇರಬೇಕು. ನೆರೆಯ ಮನೆಯಲ್ಲಿ, ಅದು ಯಾವ ಸಮಾಜದ ಮನೆಯೇ ಆಗಲಿ, ಹತ್ತನೇ ತರಗತಿ ಮುಗಿಸಿದ ಮಗು ಇದ್ದರೆ ಆ ಪ್ರಶ್ನೆಯನ್ನು ಈ ವಾರವೇ ಕೇಳಬಹುದು.